ತೊಗರಿಯ ಕಣಕ್ಕೆ ಬಂದ ಒಪ್ಪಂದಗಳು

ಮುಕ್ತ ವ್ಯಾಪಾರ ಒಪ್ಪಂದ ಎಂದೊಡನೆ ಕರಾವಳಿಯವರಾದ ನಮಗೆ ನೆನಪಾಗುವುದು ಕಾಳುಮೆಣಸು. ಶ್ರೀಲಂಕಾದೊಂದಿಗಿನ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಆ ದ್ವೀಪದ ಹೆಸರಿನಲ್ಲಿ ವಿಯೆಟ್ನಾಂ ಮೆಣಸೂ ಒಳಬರುತ್ತಿದೆ ಎಂದು ಬೆಳೆಗಾರರು ದೂರಿದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ನಮ್ಮ ಬೆಳೆಗಾರರಿಗೆ ಸಂಘಟನೆ ಇದೆ, ಕೂಗಿದರೆ ದೆಹಲಿಗೆ ಸ್ವಲ್ಪವಾದರೂ ಕೇಳಿಸುತ್ತದೆ. ಯಾದಗಿರಿ, ಶಹಾಪುರ, ಸುರಪುರದ ತೊಗರಿ ಬೆಳೆಗಾರರ ಮಾತು ಹಾಗಲ್ಲ.

ಆ ನಾಡು ನಮಗೆ ದೂರದ್ದೇನಲ್ಲ. 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯದಲ್ಲಿ ನಮ್ಮೂರುಗಳಿಂದ ಹೋದ ಗುರುಗಳೂ ಧರ್ಮಭಗಿನಿಯರೂ ಸೇವೆ ಸಲ್ಲಿಸುತ್ತಿದ್ದಾರೆ. ಅಲ್ಲಿಂದ ಹೊರಟ ಕುಟುಂಬಗಳು ಮಂಗಳೂರಿನ ಕಟ್ಟಡ ಕೆಲಸದಲ್ಲಿವೆ. ಸುರಪುರ, ಶಹಾಪುರದ ಒಂದಷ್ಟು ಹೊಲಗಳಿಗೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸಿಗುವುದರಿಂದ ಭತ್ತ, ಮೆಣಸಿನಕಾಯಿ ಬೆಳೆಯುತ್ತಾರೆ. ಕಾಲುವೆ ಮುಟ್ಟದ ಕಡೆ ಮಳೆಯನ್ನೇ ನಂಬಿದ ತೊಗರಿ, ಹೆಸರು, ಹತ್ತಿ.

ತೊಗರಿಗೆ ವಿದೇಶದ ನಂಟು ಬೆಳೆದದ್ದು ಹೀಗೆ. 2015ರಲ್ಲಿ ಬೇಳೆಯ ಬೆಲೆ ಕಿಲೋಗೆ 200 ರೂಪಾಯಿ ಮುಟ್ಟಿತು. ಕಂಗಾಲಾದ ಕೇಂದ್ರ 2016ರ ಜುಲೈಯಲ್ಲಿ ಮೊಜಾಂಬಿಕ್ ಜೊತೆ ಐದು ವರ್ಷಗಳ ಖರೀದಿ ಒಡಂಬಡಿಕೆ ಮಾಡಿಕೊಂಡಿತು: ಮೊದಲ ವರ್ಷ 1 ಲಕ್ಷ ಟನ್, ಕೊನೆಗೆ 2 ಲಕ್ಷ ಟನ್. 2021ರಲ್ಲಿ ನೆರೆಯ ಮ್ಯಾನ್ಮಾರ್ ಜೊತೆ ವರ್ಷಕ್ಕೆ 1 ಲಕ್ಷ ಟನ್, ಮಲಾವಿ ಜೊತೆ 50 ಸಾವಿರ ಟನ್ ತೊಗರಿಯ ಒಡಂಬಡಿಕೆಗಳಾದವು. ಇವು 2025-26ರ ತನಕದವು. ಹೆಸರಿಗೆ ಇವು ಮುಕ್ತ ವ್ಯಾಪಾರ ಒಪ್ಪಂದಗಳಲ್ಲ. ಆದರೆ ತೀರಾ ಹಿಂದುಳಿದ ದೇಶಗಳಿಗೆ ಭಾರತ ಕೊಡುವ ಸುಂಕ ರಿಯಾಯಿತಿಯೂ ಜೊತೆಗೂಡುವುದರಿಂದ ಕಣದಲ್ಲಿ ಕುಳಿತ ರೈತನಿಗೆ ವ್ಯತ್ಯಾಸ ಕಾಣುವುದಿಲ್ಲ.

2016ರಲ್ಲಿ ಮಳೆ ಚೆನ್ನಾಗಿ ಬಂತು, ಬೆಲೆ ನಂಬಿ ಎಲ್ಲರೂ ತೊಗರಿ ಬಿತ್ತಿದರು. 2017ರ ಆರಂಭದಲ್ಲಿ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಮಾರುಕಟ್ಟೆ ಕುಸಿಯಿತು. ಆಗಸ್ಟಿನಲ್ಲಿ ಸರಕಾರ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಸಣ್ಣ ರೈತ ಅಷ್ಟರಲ್ಲಿ ಮಾರಿ ಮುಗಿಸಿದ್ದ. 2021ರ ಮೇಯಲ್ಲಿ ಆಮದು ಮತ್ತೆ ಮುಕ್ತವಾಯಿತು. 2024-25ರಲ್ಲಿ ಸುಮಾರು 12 ಲಕ್ಷ ಟನ್ ತೊಗರಿ ದೇಶದೊಳಗೆ ಬಂತು. ಆ ಸುಗ್ಗಿಯಲ್ಲೂ ಬೆಲೆ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿದು, ರಾಜ್ಯ ಸರಕಾರ ಕ್ವಿಂಟಾಲಿಗೆ 450 ರೂಪಾಯಿ ಹೆಚ್ಚುವರಿ ಕೊಡಬೇಕಾಯಿತು. ಖರೀದಿ ಕೇಂದ್ರಕ್ಕೆ ಮಾರಿದವರಿಗಷ್ಟೇ ಅದು ಸಿಕ್ಕುವುದು.

ಹಾಗೆಂದು ಆಮದನ್ನೇ ಶಪಿಸುವುದು ಸರಿಯಲ್ಲ. ನಮ್ಮ ಮನೆಗಳಲ್ಲಿ ದಿನವೂ ಬೇಳೆ ಬೇಯುತ್ತದೆ, 200 ರೂಪಾಯಿಯ ಬೇಳೆ ಕೂಲಿಯವನಿಗೆ ಎಟಕದು. ಮ್ಯಾನ್ಮಾರಿನವರು ತೊಗರಿ ಬೆಳೆಯುವುದೇ ಬಹುಪಾಲು ನಮಗಾಗಿ. 2017ರಲ್ಲಿ ನಾವು ಬಾಗಿಲು ಹಾಕಿದಾಗ ಮೊಜಾಂಬಿಕ್, ಮಲಾವಿಯ ಬಡ ರೈತರ ಬೆಳೆಯೂ ಕೇಳುವವರಿಲ್ಲದೆ ಉಳಿಯಿತು. ಜಗದ್ಗುರು ಆರನೇ ಪೌಲರು 1967ರ ‘ಪೊಪುಲೋರುಮ್ ಪ್ರೊಗ್ರೆಸ್ಸಿಯೊ’ ವಿಶ್ವಪತ್ರದಲ್ಲಿ, ಸಮಬಲರಲ್ಲದವರ ನಡುವೆ ಮುಕ್ತ ವ್ಯಾಪಾರವೊಂದೇ ನ್ಯಾಯ ತರಲಾರದೆಂದು ವಿವರಿಸಿದ್ದಾರೆ. ಅವರ ಮನಸ್ಸಿನಲ್ಲಿದ್ದದ್ದು ಶ್ರೀಮಂತ ಮತ್ತು ಬಡ ದೇಶಗಳು. ತೊಗರಿಯಲ್ಲಾದರೋ ಎರಡೂ ಕಡೆ ಬಡವರೇ.

ಹತ್ತಿಯ ವಿಚಾರ ಇನ್ನೊಂದು ಬಗೆಯದು. ದಕ್ಷಿಣ ಏಷ್ಯಾದ ಸಾಫ್ಟಾ ಒಪ್ಪಂದದಡಿ 2011ರಲ್ಲಿ ಬಾಂಗ್ಲಾದೇಶದ ಸಿದ್ಧ ಉಡುಪುಗಳಿಗೆ ಸುಂಕ ಹೋಯಿತು, ನಮ್ಮ ಗಿರಣಿಯವರು ಗೊಣಗಿದರು. ಆದರೆ ಭಾರತದ ಹತ್ತಿ, ನೂಲಿಗೆ ಬಾಂಗ್ಲಾ ದೊಡ್ಡ ಗಿರಾಕಿ. 2025ರ ಏಪ್ರಿಲಿನಲ್ಲಿ ಅದು ಭೂಗಡಿಯ ಮೂಲಕ ನೂಲು ತರಿಸುವುದನ್ನು ನಿಲ್ಲಿಸಿತು, ಮೇಯಲ್ಲಿ ಭಾರತ ಅದರ ಉಡುಪುಗಳಿಗೆ ಭೂಗಡಿ ಮುಚ್ಚಿತು. ನೆರೆಯವರ ಜಗಳ ಶಹಾಪುರದ ಹತ್ತಿಗೂ ಒಳ್ಳೆಯದಲ್ಲ.

ನನ್ನ ತಕರಾರು ಒಪ್ಪಂದದ ಮೇಲಲ್ಲ. ಮ್ಯಾನ್ಮಾರಿಗೆ ಐದು ವರ್ಷಗಳ ಲಿಖಿತ ಭರವಸೆ, ಪ್ರಮಾಣ ಸಹಿತ. ಯಾದಗಿರಿಯವನಿಗೆ ಬಿತ್ತುವಾಗ ಬೆಂಬಲ ಬೆಲೆಯ ಘೋಷಣೆ, ಕೊಯ್ಯುವಾಗ ಖರೀದಿ ಕೇಂದ್ರ ಎಂದು ತೆರೆಯುತ್ತದೋ ಎಂಬ ಕಾಯುವಿಕೆ. ಕೊಯ್ಲು ನಡೆಯುವ ಡಿಸೆಂಬರಿನಿಂದ ಮಾರ್ಚ್ ತನಕ ಆಮದು ಸುಂಕ ಏರಿಸಿ, ಉಳಿದ ತಿಂಗಳು ಇಳಿಸಬಹುದು. ಮೊದಲ ಚೀಲ ಮಾರುಕಟ್ಟೆಗೆ ಬರುವ ಮುನ್ನ ಖರೀದಿ ಶುರುಮಾಡಬಹುದು. ಮೊದಲನೆಯದು ದೆಹಲಿಯ ಕೈಯಲ್ಲಿದೆ, ಎರಡನೆಯದರಲ್ಲಿ ಬೆಂಗಳೂರಿಗೂ ಪಾಲಿದೆ.