ಅರ್ಜಿ ಬರೆಯುವುದು ಯಂತ್ರ, ಹೊಣೆ ಅಭ್ಯರ್ಥಿಯದು
ಬೆಂಗಳೂರು: 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಉದ್ಯೋಗದ ಅರ್ಜಿ ಕೆಲವೇ ನಿಮಿಷಗಳ ಕೆಲಸವಾಗಿದೆ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಪತ್ರಕ್ಕೆ ಅಂಜುತ್ತಿದ್ದ ಪದವೀಧರರಿಗೆ ಇದು ನಿಜವಾದ ಆಸರೆ. ನಕಲು ಎಂದು ಜರೆಯುವುದು ಸಲ್ಲದು.

ತೊಡಕಿರುವುದು ಬೇರೆಡೆ. ಹುದ್ದೆಗೆ ತಕ್ಕಂತೆ ಸ್ವವಿವರ ತಿದ್ದಲು ಹೇಳಿದರೆ ಈ ತಂತ್ರಾಂಶ ಅಭ್ಯರ್ಥಿ ಮಾಡದ ಕೆಲಸವನ್ನೂ ಸೇರಿಸಿಬಿಡಬಲ್ಲದು. ‘ನೆರವಾಗಿದ್ದೆ’ ಎಂಬುದು ‘ಮುನ್ನಡೆಸಿದ್ದೆ’ ಎಂದಾಗುತ್ತದೆ. ಐಟಿ ಕಂಪನಿಗಳು ಹಿಂದಿನ ನೌಕರಿಯ ಅವಧಿಯನ್ನು ಭವಿಷ್ಯನಿಧಿಯ ಯುಎಎನ್ ದಾಖಲೆಯೊಂದಿಗೆ ತಾಳೆ ನೋಡುವುದುಂಟು. ಸುಳ್ಳು ಸಿಕ್ಕಿಬಿದ್ದರೆ ಕೈಗೆ ಬಂದ ನೇಮಕಾತಿ ಪತ್ರವೂ ರದ್ದಾಗಬಹುದು. ಆಗ ಯಂತ್ರವನ್ನು ದೂರಿ ಫಲವಿಲ್ಲ.

ಮೊದಲ ಕರಡನ್ನು ಅಭ್ಯರ್ಥಿಯೇ, ಬೇಕಿದ್ದರೆ ಕನ್ನಡದಲ್ಲೇ ಬರೆದು, ಭಾಷಾಂತರ ಹಾಗೂ ವ್ಯಾಕರಣಕ್ಕಷ್ಟೇ ಯಂತ್ರದ ನೆರವು ಪಡೆಯುವುದು ಲೇಸು. ಆಧಾರ್, ದೂರವಾಣಿ ಸಂಖ್ಯೆಗಳನ್ನು ಅದಕ್ಕೆ ಒಪ್ಪಿಸುವ ಅಗತ್ಯವಂತೂ ಇಲ್ಲ.