ಬೀರುವಿನೊಳಗಿನ ಶಾಲುಗಳು

ಕಳೆದ ಕಾರ್ತಿಕದಲ್ಲಿ ನಾವು ಮನೆ ಬದಲಿಸಿದೆವು. ಮಕ್ಕಳು ಅವರವರ ಊರು ಸೇರಿದ್ದಾರೆ. ಇಬ್ಬರಿಗೆ ಐದು ಕೋಣೆಯ ಮನೆ ಯಾಕೆಂದು ಧಾರವಾಡದಲ್ಲೇ ಎರಡು ಕೋಣೆಯದೊಂದು ಮನೆ ಹಿಡಿದೆವು. ಸಾಮಾನು ಕಟ್ಟುವಾಗ ಬೀರು ತೆರೆದರೆ ಮೇಲಿನ ಎರಡು ಅರೆಗಳಲ್ಲಿ ಬರೀ ಶಾಲುಗಳು. ಎಣಿಸಿದೆ. 63 ಇದ್ದವು.

“ಪುರಾತನರ ಲೆಕ್ಕಕ್ಕ ಸರಿ ಹೋತಲ್ರೀ” ಎಂದು ನಕ್ಕ ಹೆಂಡತಿ, ಸ್ವಲ್ಪ ತಡೆದು ಕೇಳಿದಳು: “ಇದರಾಗ ಒಂದರೆ ಹೊತ್ಗೊಂಡೀರೇನ್ರಿ?”

ಹೊದ್ದಿರಲಿಲ್ಲ. ಮೂವತ್ತು ವರ್ಷ ವಚನ ಸಾಹಿತ್ಯದ ಬಗ್ಗೆ ಊರೂರು ತಿರುಗಿ ಮಾತನಾಡಿದ್ದೇನೆ. ಹೋದಲ್ಲೆಲ್ಲ ಒಂದು ಶಾಲು, ಒಂದು ಹಾರ, ಒಂದು ಸ್ಮರಣಿಕೆ. ಹಾರ ಬಾಡಿ ಹೋಗುತ್ತದೆ, ಉಳಿದೆರಡು ಮನೆಯಲ್ಲಿ ಕೂರುತ್ತವೆ. ಸ್ಮರಣಿಕೆಗಳಲ್ಲಿ ಹೆಚ್ಚಿನವು ಬಸವಣ್ಣನವರ ಭಾವಚಿತ್ರದವು. ಇಡಲು ಜಾಗವಿಲ್ಲ, ಎಸೆಯಲು ಮನಸ್ಸಿಲ್ಲ.

ನಮ್ಮ ಹಳೆಯ ಮನೆಯ ಪಕ್ಕದ ನಿವೇಶನದಲ್ಲಿ ಎರಡು ವರ್ಷದಿಂದ ಕಟ್ಟಡದ ಕೆಲಸ ನಡೆದಿತ್ತು. ಕಾವಲಿಗಿದ್ದ ಗಂಡ ಹೆಂಡತಿ ತಗಡಿನ ಶೆಡ್ಡಿನಲ್ಲಿದ್ದರು. ಎರಡು ಚಳಿಗಾಲ ಆ ತಾಯಿ ತನ್ನ ಕೂಸಿಗೆ ಹಳೆಯ ಸೀರೆ ಸುತ್ತಿ ಮಲಗಿಸಿದ್ದನ್ನು ದಿನಾ ಕಂಡಿದ್ದೇನೆ. ಒಂದು ಗೋಡೆಯ ಈಚೆ ಬೀಗ ಹಾಕಿದ ಬೀರುವಿನಲ್ಲಿ 63 ಶಾಲು! ನಾನು ಜಿಪುಣನಲ್ಲ. ಇವೆ ಎಂಬುದೇ ನೆನಪಿರಲಿಲ್ಲ. ಹೆಚ್ಚಾದ ಸಾಮಾನು ಮನೆಯ ಜಾಗವನ್ನಷ್ಟೇ ತಿನ್ನುವುದಿಲ್ಲ, ಕಣ್ಣನ್ನೂ ಮುಚ್ಚುತ್ತದೆ ಎಂದು ಅಂದು ಗೊತ್ತಾಯಿತು.

ಎಲ್ಲವನ್ನೂ ಹಂಚಿದೆವು. ಅಂದು ರಾತ್ರಿ ನನಗೆ ದೊಡ್ಡ ದಾಸೋಹ ಮಾಡಿದ ಹಮ್ಮು. ಹೆಂಡತಿ ಒಂದೇ ಮಾತಿನಲ್ಲಿ ಇಳಿಸಿದಳು: “ನಮಗ ಬ್ಯಾಡಾಗಿದ್ದನ್ನ ಕೊಟ್ರ ಅದೇನ್ ದಾಸೋಹರೀ? ಬೀರು ಖಾಲಿ ಆತು, ಅಷ್ಟ.”

ಆಗ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಅವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಗಡಿಗೆಗೆ ಸುರಿದು ನಾಳೆಗಿರಲಿ ಎನ್ನಲಿಲ್ಲ, ನೆರೆಯವರಿಗೆ ಹಂಚೋಣ ಎಂದೂ ಅನ್ನಲಿಲ್ಲ. ತಂದಲ್ಲಿಗೇ ಒಯ್ದು ಸುರಿದು ಬಾ ಎಂದಳು. ಈ ಪ್ರಸಂಗವನ್ನು ನೂರಾರು ವೇದಿಕೆಗಳಲ್ಲಿ ಹೇಳಿದ್ದೇನೆ. ಅದರ ಅರ್ಥ ತಿಳಿದದ್ದು ಮಾತ್ರ ಬೀರು ಖಾಲಿಯಾದ ಮೇಲೆ.

ಈಗ ಪೇಟೆಯಲ್ಲಿ ಮನೆ ಹಗುರ ಮಾಡಿಕೊಳ್ಳುವ ಮಾತು ಬಹಳ ನಡೆದಿದೆ. ಬೇಡಾದದ್ದನ್ನು ತೆಗೆಯಿರಿ, ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ತಪ್ಪಲ್ಲ. ಆದರೆ ಅದು ಅರ್ಧ ಮಾತು. ಯುಗಾದಿಗೆ ಖಾಲಿ ಮಾಡಿದ ಅಟ್ಟ ದೀಪಾವಳಿಗೆ ಮತ್ತೆ ತುಂಬುತ್ತದೆ. ಹೊರಗೆ ಹಾಕುವುದರಲ್ಲಿ ಸರಳತೆ ಇಲ್ಲ, ಒಳಗೆ ತರದಿರುವುದರಲ್ಲಿದೆ. ಲಕ್ಕಮ್ಮ ನಿಂತದ್ದು ಹೊಸ್ತಿಲಲ್ಲಿ.

ಇನ್ನು ಸ್ವಲ್ಪ ಕಹಿ ಮಾತು. ಮಠಗಳಿಗೆ ಹೋಗುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆಂಬ ಅರಿವಿನಿಂದಲೇ ಹೇಳುತ್ತೇನೆ. ಸರಳ ಬದುಕಿನ ಉಪನ್ಯಾಸಕ್ಕೂ ನಮ್ಮಲ್ಲಿ ಮುಕ್ಕಾಲು ತಾಸು ಸನ್ಮಾನ ನಡೆಯುತ್ತದೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಫೋಟೊ. ಅತಿಥಿಗಳು, ದಾನಿಗಳು, ಶಾಮಿಯಾನದವರು ಎಲ್ಲರಿಗೂ ಆಗಬೇಕು. ಉಪನ್ಯಾಸಕ್ಕೆ ಉಳಿಯುವುದು ಹದಿನೈದು ನಿಮಿಷ. ಇದರಲ್ಲಿ ನಾನು ಹೊರಗಿನವನಲ್ಲ. ಹೊದಿಸಿಕೊಂಡವನೂ ನಾನೇ, ಹೊದಿಸಿದವನೂ ನಾನೇ.

ಗೌರವ ತೋರಿಸುವುದು ತಪ್ಪೇ ಎಂದು ಕೇಳುವವರಿದ್ದಾರೆ. ತಪ್ಪಲ್ಲ. ಆದರೆ ಗೌರವಕ್ಕೆ ಎರಡು ಕೈ ಜೋಡಿಸಿ ‘ಶರಣು ಶರಣಾರ್ಥಿ’ ಎಂದರೆ ಸಾಲದೇ? ಶಾಲು ಕೊಳ್ಳದಿದ್ದರೆ ನೇಕಾರರ ಗತಿ ಏನು ಎನ್ನುವವರೂ ಇದ್ದಾರೆ. ಹಾಗಾದರೆ ಅದೇ ಹಣಕ್ಕೆ ನೇಯ್ದವರಿಂದಲೇ ಕಂಬಳಿ ಕೊಂಡು, ಚಳಿ ಆಗುವವರಿಗೆ ಹೊದಿಸೋಣ. ನೇಯ್ದವನ ಕಾಯಕವೂ ಉಳಿಯುತ್ತದೆ, ಕಂಬಳಿಗೂ ಕೆಲಸ ಸಿಗುತ್ತದೆ.

ನಮಗೆ ಮಾದರಿ ದೂರದಲ್ಲಿಲ್ಲ. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಬಿಳಿ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದಲೇ ಬೇಡವೆಂದರು. 2023ರ ಜನವರಿ 2ರಂದು ಲಿಂಗೈಕ್ಯರಾದರು. ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ಜೇಬಿಲ್ಲದ ಅಂಗಿಯನ್ನು ನಾವೆಲ್ಲ ಕೊಂಡಾಡಿದೆವು. ನಮ್ಮ ಅಂಗಿಯ ಜೇಬು ಮಾತ್ರ ದೊಡ್ಡದಾಗುತ್ತಲೇ ಇದೆ.

ಪ್ರಯಾಣದಲ್ಲೂ ಇದೇ ಕಥೆ. ಚಿಕ್ಕಂದಿನಲ್ಲಿ ಭಾರತ ಹುಣ್ಣಿಮೆಗೆ ಅಜ್ಜನ ಜೊತೆ ಚಕ್ಕಡಿಯಲ್ಲಿ ಉಳವಿಗೆ ಹೋಗುತ್ತಿದ್ದೆ. ಕಟಕ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ, ಒಂದು ಜೊತೆ ಬಟ್ಟೆ, ಎತ್ತುಗಳಿಗೆ ಮೇವು. ಚಕ್ಕಡಿಯಲ್ಲಿ ಎತ್ತಿನ ಮೇವೇ ಹೆಚ್ಚಿರುತ್ತಿತ್ತು. ಮೊನ್ನೆ ಕಾರಿನಲ್ಲಿ ಹೋದೆವು. ನಾಲ್ಕು ಜನಕ್ಕೆ ಏಳು ಬ್ಯಾಗು. ಚೆನ್ನಬಸವಣ್ಣನವರ ಗದ್ದುಗೆಯ ಮುಂದೆ ನಿಂತಾಗಲೂ ಕಾರಿನ ಬಾಗಿಲು ಹಾಕಿದೆನೋ ಇಲ್ಲವೋ ಎಂಬುದೇ ನನ್ನ ಚಿಂತೆ.

ನಮಗಂತೂ ಹಗುರ ಪ್ರಯಾಣವನ್ನು ಯಾರೂ ಕಲಿಸಬೇಕಿಲ್ಲ. ಗುಡಿಯನ್ನೇ ಅಂಗೈಗೆ ತಂದುಕೊಟ್ಟವರು ನಮ್ಮವರು. ಇಷ್ಟಲಿಂಗ ಧರಿಸಿದವನಿಗೆ ಗರ್ಭಗುಡಿ ಬೇಡ, ಪೂಜಾರಿ ಬೇಡ, ಬಾಗಿಲು ತೆರೆಯುವ ಹೊತ್ತು ಕಾಯಬೇಕಿಲ್ಲ. ಕುಳಿತಲ್ಲಿಯೇ ಪೂಜೆ. ಹೀಗಿರುವಾಗ ದೇವರ ಕೋಣೆ ಕಟ್ಟಿ, ಬೆಳ್ಳಿ ಮಂಟಪ ತಂದು, ಅದರ ಕಾವಲಿಗೆ ಕ್ಯಾಮೆರಾ ಹಾಕಿಸಿದವರು ನಾವು.

ಕೊನೆಗೆ ಬಿಡುವಿನ ಮಾತು. ಕಾಯಕ ಧರ್ಮದವರು ವಿಶ್ರಾಂತಿಯ ಮಾತಾಡಬಾರದು ಎಂಬ ಭಾವನೆ ನಮ್ಮಲ್ಲಿದೆ. ಕಾಯಕ ಬೇರೆ, ಧಾವಂತ ಬೇರೆ. ಶರಣರು ದಿನವಿಡೀ ದುಡಿದೂ ಅನುಭಾವ ಗೋಷ್ಠಿಗೆ ಕೂಡುತ್ತಿದ್ದರು. ಅವರಿಗೆ ಹೊತ್ತು ಸಿಕ್ಕದ್ದು ಕೆಲಸ ಕಡಿಮೆ ಇದ್ದುದರಿಂದಲ್ಲ, ಕಾಯುವ ಸಾಮಾನು ಕಡಿಮೆ ಇದ್ದುದರಿಂದ. ನಾವು ದುಡಿದ ಹೊತ್ತಿನ ಮೇಲೆ ಕೊಂಡದ್ದನ್ನು ಒರೆಸುವ, ರಿಪೇರಿ ಮಾಡಿಸುವ, ಕಂತು ಕಟ್ಟುವ ಹೊತ್ತೂ ಸೇರಿಸುತ್ತೇವೆ. ಹೊಸ ಮನೆಯಲ್ಲಿ ನಾನು ಸಂಜೆ ಅರ್ಧ ತಾಸು ಫೋನನ್ನು ಅಡುಗೆಮನೆಯಲ್ಲಿಟ್ಟು ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕೂರುತ್ತೇನೆ. ಮೊದಲ ವಾರ ಮನಸ್ಸು ಅಡುಗೆಮನೆಗೇ ಓಡುತ್ತಿತ್ತು. ಈಗ ಅಷ್ಟು ಓಡುವುದಿಲ್ಲ.

ಪೂಜ್ಯರಲ್ಲಿ, ಬಸವ ಕೇಂದ್ರಗಳ ಬಂಧುಗಳಲ್ಲಿ ನನ್ನ ವಿನಂತಿ ಒಂದೇ. ಈ ವರ್ಷದ ಕಾರ್ಯಕ್ರಮಗಳ ಆಮಂತ್ರಣದ ಕೆಳಗೆ ಒಂದು ಸಾಲು ಸೇರಿಸಿ: ಶಾಲು, ಹಾರ, ಸ್ಮರಣಿಕೆ ಇರುವುದಿಲ್ಲ. ನಾನಂತೂ ಕರೆದವರಿಗೆಲ್ಲ ಮೊದಲೇ ಹೇಳಲು ಶುರು ಮಾಡಿದ್ದೇನೆ. ಕೆಲವರಿಗೆ ಬೇಸರವಾಗಿದೆ. ಒಂದು ಊರಿನವರು ಮತ್ತೆ ಕರೆದಿಲ್ಲ. ಇನ್ನೊಂದು ಊರಿನವರು ಆ ಹಣದಲ್ಲಿ ಪ್ರಸಾದ ನಿಲಯದ ಹುಡುಗರಿಗೆ ಹೊದಿಕೆ ಕೊಂಡರು.

ಬೀರು ಈಗ ಅರ್ಧ ಖಾಲಿ ಇದೆ. ಅದನ್ನು ಖಾಲಿಯಾಗಿಯೇ ಇಡುವುದು ತುಂಬುವುದಕ್ಕಿಂತ ಕಷ್ಟದ ಕಾಯಕ.