ಮುಲಾಮಿಗೆ ಬಗ್ಗದ ತುರಿಕೆ: ಕಿಡ್ನಿಯನ್ನೂ ಒಮ್ಮೆ ನೋಡಿಸಿ

ಹತ್ತರಗಿ, ಯಮಕನಮರಡಿ ಸುತ್ತಿನ ಹಳ್ಳಿಗಳಲ್ಲಿ ಮೈ ತುರಿಕೆಗೆ ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ. ಕಬ್ಬಿನ ರವದಿ ಮೈಗೆ ತಾಗುತ್ತದೆ, ಬೇಸಿಗೆಯಲ್ಲಿ ಬೆವರುಸಾಲೆ ಏಳುತ್ತದೆ, ಚಳಿಗೆ ಚರ್ಮ ಒಡೆಯುತ್ತದೆ. ಇವೆಲ್ಲ ಕೊಬ್ಬರಿ ಎಣ್ಣೆಗೋ ಮುಲಾಮಿಗೋ ನಾಲ್ಕಾರು ದಿನಗಳಲ್ಲಿ ಬಗ್ಗುತ್ತವೆ. ಆದರೆ ದದ್ದು, ಗುಳ್ಳೆ ಏನೂ ಇಲ್ಲದೆ ಬೆನ್ನು, ತೋಳು ತುರಿಸಿ ರಾತ್ರಿಯ ನಿದ್ದೆ ಕೆಡುತ್ತಿದ್ದರೆ, ಅದು ವಾರಗಟ್ಟಲೆ ನಿಲ್ಲದಿದ್ದರೆ, ಯಕೃತ್ತು, ಥೈರಾಯ್ಡ್‌ಗಳ ಜೊತೆ ಕಿಡ್ನಿಯನ್ನೂ ಪರೀಕ್ಷಿಸಬೇಕು.

ಎರಡು ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನು ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಈ ಕೆಲಸ ಕುಂಠಿತವಾದಾಗ ಕಸ ರಕ್ತದಲ್ಲೇ ಉಳಿಯುತ್ತದೆ, ರಂಜಕ ಏರುತ್ತದೆ, ಬೆವರಿನ ಮತ್ತು ಎಣ್ಣೆಯ ಗ್ರಂಥಿಗಳು ಕುಗ್ಗಿ ಚರ್ಮ ಒಣಗುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವ 10 ಜನರಲ್ಲಿ ಸುಮಾರು 4 ಜನರನ್ನು ಕಾಡುವ ತುರಿಕೆ ಇದೇ. ರಕ್ತ ಹುಟ್ಟಿಸಲು ಪ್ರೇರೇಪಿಸುವ ಹಾರ್ಮೋನನ್ನೂ ಕಿಡ್ನಿಯೇ ತಯಾರಿಸುವುದರಿಂದ ರಕ್ತಹೀನತೆ ಬಂದು ಮುಖ ಬಿಳಿಚಿಕೊಳ್ಳುತ್ತದೆ. ಮೊಳಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ: ಕುಳಿ ಹಾಗೆಯೇ ಉಳಿದರೆ ಅಲ್ಲಿ ನೀರು ನಿಂತಿದೆ ಎಂದರ್ಥ. ಕೆಲವರ ಉಗುರು ಬುಡದಲ್ಲಿ ಬೆಳ್ಳಗೆ, ತುದಿಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ.

ನಮ್ಮಲ್ಲಿ ತುರಿಕೆ ಎಂದೊಡನೆ ‘ಮೈ ಉಷ್ಣವಾಗೈತಿ, ಎಳನೀರು ಕುಡಿ’ ಎನ್ನುವವರೇ ಹೆಚ್ಚು. ಗಟ್ಟಿ ಕಿಡ್ನಿಯವರಿಗೆ ಅದರಿಂದ ತೊಂದರೆಯಿಲ್ಲ. ಕಿಡ್ನಿ ಸೋತವರಿಗೆ ಮಾತ್ರ ಎಳನೀರಿನ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಬೆಲ್ಲ, ಒಣಹಣ್ಣುಗಳ ಗೋಕಾಕ ಕರದಂಟಿಗೂ ಇದೇ ಎಚ್ಚರ ಬೇಕು. ಮಧುಮೇಹಿಗಳಿಗೆ ಅದರ ಸಕ್ಕರೆಯದು ಬೇರೆ ಚಿಂತೆ. ಬಾಟಲಿಯ ಕಪ್ಪು ಕೋಲಾದಲ್ಲಿ ಬೆರೆಸಿದ ರಂಜಕ ಕಾಳುಗಳಲ್ಲಿನ ರಂಜಕಕ್ಕಿಂತ ಬಹು ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಪ್ರೊಟೀನಿನ ಲೆಕ್ಕವೂ ಎಲ್ಲರಿಗೂ ಒಂದೇ ಅಲ್ಲ: ಡಯಾಲಿಸಿಸ್‌ಗೆ ಮುನ್ನ ಮಿತಿ ಬೇಕಾಗಬಹುದು, ಶುರುವಾದ ಮೇಲೆ ಹೆಚ್ಚು ಬೇಕು. ಆದ್ದರಿಂದ ಪಕ್ಕದ ಮನೆಯವರ ಪಥ್ಯ ನಿಮ್ಮ ಪಥ್ಯವಾಗದು. ರಕ್ತಪರೀಕ್ಷೆ ನೋಡಿ ವೈದ್ಯರು ಹೇಳಿದ್ದೇ ಪಥ್ಯ.

ಆರೋಗ್ಯವಂತರು ಜೋಳದ ರೊಟ್ಟಿ, ಕಾಳುಪಲ್ಯ ಬಿಡುವ ಅಗತ್ಯವಿಲ್ಲ. ಬಿಗಿಹಿಡಿಯಬೇಕಾದುದು ಉಪ್ಪನ್ನು. ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ, ಮಿರ್ಚಿ ಭಜಿ ಸೇರಿದರೆ ಆ ಮಿತಿ ಮಧ್ಯಾಹ್ನದೊಳಗೇ ದಾಟಬಹುದು. ಸೊಂಟನೋವಿಗೆಂದು ಅಂಗಡಿಯ ಗುಳಿಗೆಗಳನ್ನು ದಿನವೂ ನುಂಗುವ ರೂಢಿಯೂ ಕಿಡ್ನಿಗೆ ಕೇಡು. ಮುಖ ಬೆಳ್ಳಗಾಗಲೆಂದು ಹಚ್ಚುವ ಪಾದರಸದ ಕ್ರೀಮುಗಳಿಂದ ಕಿಡ್ನಿ ಕೆಟ್ಟ ಪ್ರಕರಣಗಳು 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬೆಳಕಿಗೆ ಬಂದವು.

ಒಂದು ಮಾತು ಮರೆಯಬಾರದು: ಚರ್ಮದ ಮೇಲೆ ಲಕ್ಷಣ ಕಾಣುವ ಹೊತ್ತಿಗೆ ಕಿಡ್ನಿ ಸಾಕಷ್ಟು ಹಾಳಾಗಿರುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇರುವವರು ತುರಿಕೆಗಾಗಿ ಕಾಯದೆ, ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹುಕ್ಕೇರಿಗೋ ಗೋಕಾಕಕ್ಕೋ ಸಂತೆಗೆ ಹೋದ ದಿನವೇ ತಾಲೂಕು ಆಸ್ಪತ್ರೆಯಲ್ಲಿ ಈ ಬಗ್ಗೆ ವಿಚಾರಿಸಿ. ಬೇಗ ಗೊತ್ತಾದರೆ ಸಕ್ಕರೆ, ಬಿಪಿ ಹತೋಟಿಗೆ ತಂದು ಡಯಾಲಿಸಿಸ್ ದಿನವನ್ನು ವರ್ಷಗಟ್ಟಲೆ ಮುಂದೂಡಬಹುದು, ಎಷ್ಟೋ ಜನರಿಗೆ ಅದು ಬರದಂತೆಯೂ ನೋಡಿಕೊಳ್ಳಬಹುದು.